ಮುಚ್ಚದೆ ಇಟ್ಟ ಸಿಡಿ

ನನ್ನ ಮೊಮ್ಮಗಳ ತಲೆಯಲ್ಲಿ ಏನೂ ಇಲ್ಲ. ದಾವಣಗೆರೆಯ ದೊಡ್ಡ ಡಾಕ್ಟರು ಸೋಮವಾರ ಮಧ್ಯಾಹ್ನ ತಮ್ಮ ಬಾಯಿಂದಲೇ ಹೇಳಿದರು. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳಿದೆ, ಟಿಕೆಟ್ ಕೊಡಲು ಬಂದ ಕಂಡಕ್ಟರಿಗೆ ಹೇಳಿದೆ, ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕೊಟ್ಟವನಿಗೂ ಹೇಳಿದೆ. ಕೊಟ್ಟೂರಿನಲ್ಲಿ ಇಳಿದು ನಮ್ಮ ಓಣಿಗೆ ಕಾಲಿಟ್ಟರೆ ಎದುರಿಗೆ ಹಿಟ್ಟಿನ ಗಿರಣಿಯವನು ನಿಂತಿದ್ದ.

"ಹುಡುಗಿ ತಲಿಯಾಗ ಏನೂ ಇಲ್ವಂತಪ್ಪ" ಅಂದೆ.

"ಅದು ನಮಗ ಮೊದ್ಲ ಗೊತ್ತಿತ್ತು ಬಿಡು ಕಾಕಾ. ನಿನ್ನ ಮೊಮ್ಮಗಳಲ್ಲೇನು" ಅಂದ. ಅಂದವನೇ ಮುಖ ಆಚೆ ತಿರುಗಿಸಿಕೊಂಡು ಹೆಗಲ ಮೇಲಿನ ವಸ್ತ್ರದಿಂದ ಕಣ್ಣು ಒರೆಸಿಕೊಂಡ.

ಓಣಿಯಲ್ಲಿ ಈಗ ಹೇಳಲು ಯಾರೂ ಉಳಿದಿಲ್ಲ. ಆದರೂ ಹೇಳುವುದು ಮುಗಿದಿಲ್ಲ ಅನ್ನಿಸುತ್ತದೆ. ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಮೂರನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟು ಮಂಡಕ್ಕಿ ಭಟ್ಟಿಯ ಮುಂದೆ ಕೂತವನು. ಅಕ್ಷರ ಹೆಚ್ಚು ಗೊತ್ತಿಲ್ಲ, ಬೆಂಕಿ ಗೊತ್ತು. ಕಾದ ಮರಳಿಗೆ ಅಕ್ಕಿ ಬಿದ್ದ ಮೇಲೆ ಕೈ ನಿಲ್ಲಿಸುವಂತಿಲ್ಲ. ನಡುವೆ ನಿಲ್ಲಿಸಿದರೆ ಅದು ಅಕ್ಕಿಯೂ ಅಲ್ಲ, ಮಂಡಕ್ಕಿಯೂ ಅಲ್ಲ, ಎಮ್ಮೆ ಸಹ ಮೂಸುವುದಿಲ್ಲ.

ನನ್ನ ಮಗನ ಕೆಲಸವೂ ಹೀಗೇ ಇತ್ತು. ಅವನು ಮದುವೆಯ ವಿಡಿಯೋ ತೆಗೆಯುವವನು. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆ ಎಲ್ಲಿ ಮದುವೆಯಾದರೂ ಕ್ಯಾಮೆರಾ ಹೊತ್ತು ಹೋಗುತ್ತಿದ್ದ. ಆಮೇಲೆ ನಡುಮನೆಯ ಕಂಪ್ಯೂಟರಿನ ಮುಂದೆ ಕೂತು ಸಿಡಿ ಬರ್ನ್ ಮಾಡುತ್ತಿದ್ದ. ಒಳಗೆ ಒಂದು ಸಣ್ಣ ಬೆಳಕು ಸಿಡಿಯನ್ನು ಕಾಯಿಸಿ ಕಾಯಿಸಿ ಬರೆಯುತ್ತದೆಯಂತೆ. ಬರೆಯುವಾಗ ಕರೆಂಟ್ ಹೋದರೆ ಆ ಸಿಡಿ ಕೆಟ್ಟಂತೆಯೇ. ಕೆಟ್ಟವನ್ನು ನಾನು ಎಸೆಯುತ್ತಿರಲಿಲ್ಲ. ನೂಲು ಪೋಣಿಸಿ ಅಕ್ಕಿ ಒಣಹಾಕುವ ಅಂಗಳದಲ್ಲಿ ತೂಗುಬಿಡುತ್ತಿದ್ದೆ, ಗುಬ್ಬಿ ಹತ್ತಿರ ಬರುತ್ತಿರಲಿಲ್ಲ. ಯಾರ ಯಾರದೋ ಮದುವೆ ಬಿಸಿಲಿನಲ್ಲಿ ಗರಗರ ತಿರುಗುತ್ತಿತ್ತು. ಆಗ ಅದನ್ನು ನೋಡಿ ನಗುತ್ತಿದ್ದೆ.

ಎರಡು ವರ್ಷದ ಹಿಂದೆ ಮೊಮ್ಮಗಳು ಶಾಲೆಯಿಂದ ಬಂದವಳು ಚೀಲ ಸಹ ಇಳಿಸದೆ ತಲೆ ಹಿಡಿದು ಕೂತಳು. ಮರುದಿನವೂ ಅದೇ. ವಾಂತಿ ಆಯಿತು. ದಾವಣಗೆರೆಗೆ ಕರೆದುಕೊಂಡು ಹೋಗಿ ತಲೆಯ ಸ್ಕ್ಯಾನ್ ಮಾಡಿಸಿದೆವು. ಚಿತ್ರವನ್ನೆಲ್ಲ ಒಂದು ಸಿಡಿಯಲ್ಲಿ ಹಾಕಿ ಕೊಟ್ಟರು. ಆಗಿನ ಡಾಕ್ಟರು ಅದನ್ನು ನೋಡಿ, "ಒಂದು ಚುಕ್ಕೆ ಕಾಣ್ತಿದೆ, ಕಡಲೆಕಾಳಿನಷ್ಟು. ಏನೂ ಇಲ್ಲದಿರಬಹುದು. ಒಂದು ವರ್ಷ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಬೆಳೆದಿದ್ದರೆ ಆಗ ಯೋಚನೆ" ಅಂದರು. ಸಿಡಿ ತಮ್ಮ ಫೈಲಿನಲ್ಲಿ ಇರಲಿ, ಬೇಕಾದರೆ ಕಾಪಿ ಮಾಡಿಕೊಂಡು ತಂದುಕೊಡಿ ಅಂದರು.

ಅವತ್ತು ಮನೆಗೆ ಬಂದ ಮಗ ಅಂಗಿ ಬಿಚ್ಚದೆ ಕಂಪ್ಯೂಟರಿನ ಮುಂದೆ ಕೂತ. ನಾವೆಲ್ಲ ಅವನ ಬೆನ್ನ ಹಿಂದೆ ನಿಂತೆವು. ಕಾಪಿ ಮುಗಿಯುವ ಹೊತ್ತಿಗೆ ಪರದೆಯ ಮೇಲೆ ಒಂದು ಡಬ್ಬಿ ಮೂಡಿತು.

"ಏನದು, ಏನೋ ಕೇಳಾಕತ್ತೈತಲ್ಲ" ಅಂದಳು ನನ್ನ ಹೆಂಡತಿ.

"ಡಿಸ್ಕ್ ಕ್ಲೋಸ್ ಮಾಡಲೇನು ಅಂತ ಕೇಳಾಕತ್ತೈತವ್ವ. ಫೈನಲೈಸ್ ಅಂತಾರ ಇದಕ್ಕ. ಮಾಡಿದ್ರ ಮುಗೀತು, ಆಮ್ಯಾಲೆ ಇದರಾಗ ಏನೂ ಹಾಕಾಕ ಬರಂಗಿಲ್ಲ."

"ಏನೂ ಹಾಕಾಕ ಬರಂಗಿಲ್ಲ ಅಂದ್ರ? ಕೂಸಿಂದು ಇನ್ನೂ ಏನೇನು ಬರೋದೈತಿ. ಬ್ಯಾಡ. ಹಂಗ ಬಿಡು."

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಎಲ್ಲರ ಊಟ ಆಗುವ ತನಕ ರೊಟ್ಟಿ ಬುಟ್ಟಿ ಮುಚ್ಚುವುದಿಲ್ಲ. ಯಾರಾದರೂ ಹೊರಗೆ ಹೋಗಿದ್ದರೆ ಬುಟ್ಟಿಯ ಮೇಲಿನ ಬಟ್ಟೆಯನ್ನು ಓರೆಯಾಗಿ ಎಳೆದು ಒಂದು ಅಂಚು ತೆರೆದೇ ಇಡುತ್ತಾರೆ. ಪೂರ್ತಿ ಮುಚ್ಚಿದರೆ ಇನ್ನು ಬರುವವರು ಯಾರೂ ಇಲ್ಲ ಅಂದ ಹಾಗೆ. ನನ್ನ ತಾಯಿ ಮಾಡುತ್ತಿದ್ದಳು, ಅವಳಿಂದ ನನ್ನ ಹೆಂಡತಿಗೆ ಬಂತು, ಈಗ ಸೊಸೆಗೂ ಬಂದಿದೆ. ಹಾಗಾಗಿ ಹೆಂಡತಿಯ ಮಾತು ನಮಗೆ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಸೊಸೆ, "ಹೌದ್ರಿ, ಅತ್ತಿ ಹೇಳೋದು ಖರೆ, ಮುಂದಿನ ವರ್ಷದ್ದೂ ಇದರಾಗ ಹಾಕ್ರಿ" ಅಂದಳು. ನಾನೂ ತಲೆಯಾಡಿಸಿದೆ. ಮಗ ಎಷ್ಟೋ ಮದುವೆಯ ಸಿಡಿಗಳನ್ನು ಹಿಂದೆಮುಂದೆ ನೋಡದೆ ಕ್ಲೋಸ್ ಮಾಡಿದವನು. ಮದುವೆ ಮುಗಿದುಹೋಗಿರುತ್ತದೆ, ಮಾಡುತ್ತಿದ್ದ. ಇದು ಮಗಳದು. ಅವನ ಕೈ ಮೌಸಿನ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಬೇಡ ಅನ್ನುವ ಕಡೆ ಒತ್ತಿದ.

ಡಾಕ್ಟರ ಸಿಡಿಯನ್ನು ಮಗ ತಿರುಗಿ ಕೊಟ್ಟು ಬಂದ. ನಮ್ಮ ಕಾಪಿಯನ್ನು ಹೆಂಡತಿ ದೇವರ ಗೂಡಿನಲ್ಲಿ ಇಟ್ಟಳು. ಪ್ರತಿ ಸೋಮವಾರ ಲಿಂಗಕ್ಕೆ, ಫೋಟೋಗಳಿಗೆ ವಿಭೂತಿ ಹಚ್ಚುವಾಗ ಅದಕ್ಕೂ ಮೂರು ಬೆರಳು ಎಳೆಯುತ್ತಿದ್ದಳು.

ಹುಡುಗಿಯ ತಲೆನೋವು ತಾನಾಗಿ ನಿಂತಿತು. ವರ್ಷ ತುಂಬಿದಾಗ ಹೋಗೋಣ ಅಂದುಕೊಂಡೆವು, ಹೋಗಲಿಲ್ಲ. ಚೆನ್ನಾಗಿದ್ದ ಕೂಸನ್ನು ಮತ್ತೆ ಆ ಸ್ಕ್ಯಾನಿನ ಕೊಳವೆಯೊಳಗೆ ಮಲಗಿಸಲು ಯಾರಿಗೂ ಮನಸ್ಸಾಗಲಿಲ್ಲ. ಅಷ್ಟರಲ್ಲಿ ಮದುವೆ ಮನೆಯವರು ಸಿಡಿ ಕೇಳುವುದನ್ನೇ ಬಿಟ್ಟರು, ಎಲ್ಲ ಪೆನ್‌ಡ್ರೈವ್ ಆಯಿತು. ಮಗ ಬೇರೆ ಸಣ್ಣ ಕಂಪ್ಯೂಟರ್ ಕೊಂಡ. ಅದಕ್ಕೆ ಸಿಡಿ ಹಾಕುವ ಬಾಯಿಯೇ ಇಲ್ಲ. ಹಳೆಯದು ಮೂಲೆ ಸೇರಿತು, ಸೊಸೆ ಅದರ ಮೇಲೆ ಒಂದು ಹಳೆಯ ಸೀರೆ ಹೊದಿಸಿದಳು. ಹೊದಿಸಿದ್ದು ನನಗೆ ಹಿಡಿಸಲಿಲ್ಲ. ಬಾಗಿಲಿಂದ ಒಳಗೆ ಬರುವಾಗ ಯಾರೋ ಮುಸುಕು ಹಾಕಿಕೊಂಡು ಕೂತ ಹಾಗೆ ಕಾಣುತ್ತಿತ್ತು. ಬೆಳಿಗ್ಗೆ ಸೊಸೆ ಮಗಳಿಗೆ ಜಡೆ ಹಾಕುವಾಗ ಬೈತಲೆ ತೆಗೆದ ಜಾಗ ಬೆಳ್ಳಗೆ ಕಾಣುತ್ತಿತ್ತು. ಅದರ ಕೆಳಗೆ ಎಲ್ಲೋ ಒಂದು ಕಡಲೆಕಾಳು. ನಾನು ಎದ್ದು ಭಟ್ಟಿಗೆ ಹೋಗಿಬಿಡುತ್ತಿದ್ದೆ. ಕಡಲೆ ನೆನೆಹಾಕಿದರೆ ಎಷ್ಟು ಉಬ್ಬುತ್ತದೆ ಅನ್ನುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆ ಎರಡು ವರ್ಷ ಹೆಂಡತಿ ಕಡಲೆ ನೆನೆಹಾಕಿದ್ದನ್ನು ನಾನು ನೋಡಲಿಲ್ಲ.

ಈ ಬೇಸಿಗೆಗೆ ತಲೆನೋವು ತಿರುಗಿ ಬಂತು.

ಮೊದಲಿನ ಡಾಕ್ಟರು ಊರು ಬಿಟ್ಟಿದ್ದರು, ಅವರ ನರ್ಸಿಂಗ್ ಹೋಮ್ ಇದ್ದ ಕಡೆ ಬಟ್ಟೆ ಅಂಗಡಿ ಇತ್ತು. ಸ್ಕ್ಯಾನ್ ಮಾಡಿದ ಕಡೆ ಕೇಳಿದರೆ, ಅಷ್ಟು ಹಳೆಯದು ನಮ್ಮಲ್ಲಿ ಇರುವುದಿಲ್ಲ ಅಂದರು. ಹೊಸದಾಗಿ ಸ್ಕ್ಯಾನ್ ಮಾಡಿಸಿ ಬೇರೆ ಡಾಕ್ಟರ ಹತ್ತಿರ ಹೋದೆವು. ಅವರೇ ನಾನು ಮೊದಲಿಗೆ ಹೇಳಿದ ದೊಡ್ಡ ಡಾಕ್ಟರು. ಹೊಸ ಚಿತ್ರ ನೋಡಿ, "ಹಳೇದು ಇದೆಯಾ? ಅದನ್ನ ನೋಡದೆ ನಾನು ಏನೂ ಹೇಳೋಕಾಗಲ್ಲ" ಅಂದರು.

ಹೆಂಡತಿ ಸೆರಗಿನಲ್ಲಿ ಸುತ್ತಿಕೊಂಡು ತಂದಿದ್ದ ಸಿಡಿಯನ್ನು ಎರಡೂ ಕೈಯಲ್ಲಿ ಕೊಟ್ಟಳು. ಡಾಕ್ಟರು ಹಾಕಿದರು. ಮಿಷನ್ ಗುರ್ರೆಂದಿತು, ನಿಂತಿತು, ಮತ್ತೆ ಗುರ್ರೆಂದಿತು.

"ಇದು ಖಾಲಿ ಇದೆಯಲ್ಲ" ಅಂದರು.

ಇನ್ನೊಂದು ಕಂಪ್ಯೂಟರಿಗೆ ಹಾಕಿಸಿದರು. ಅಲ್ಲೂ ಖಾಲಿ. ಸೋಮವಾರದೊಳಗೆ ಹಳೆಯದು ಸಿಕ್ಕರೆ ಸರಿ, ಸಿಗದಿದ್ದರೆ ಅಡ್ಮಿಟ್ ಮಾಡಿ, ತಲೆಗೆ ಸಣ್ಣ ತೂತು ಮಾಡಿ ಒಂದು ತುಣುಕು ತೆಗೆದು ನೋಡಬೇಕಾಗುತ್ತದೆ ಅಂದರು. ತಲೆಗೆ ತೂತು ಅನ್ನುವಾಗ ಅವರ ದನಿ ಮೆತ್ತಗೆ ಇತ್ತು. ಮೆತ್ತಗೆ ಇದ್ದದ್ದೇ ನನಗೆ ಹೆದರಿಕೆ ತಂದಿತು.

ವಾಪಸು ಬರುವಾಗ ಬಸ್ಸಿನಲ್ಲಿ ಮಗ ಕಿಟಕಿಯ ಕಡೆ ನೋಡುತ್ತಾ ಹೇಳಿದ. ಉಚ್ಚಂಗಿದುರ್ಗದ ಗುಡ್ಡ ದೂರದಲ್ಲಿ ಕಪ್ಪಗೆ ಕಾಣುತ್ತಿತ್ತು.

"ಅದು ಖಾಲಿ ಇಲ್ಲಪ್ಪ. ಕ್ಲೋಸ್ ಮಾಡಿಲ್ಲಲ್ಲ, ಅದಕ್ಕ ಬ್ಯಾರೆ ಮಿಷನ್ನಿಗೆ ಕಾಣಂಗಿಲ್ಲ. ಬರೆದ ಮಿಷನ್ನಿಗೆ ಅಷ್ಟ ಕಾಣ್ತೈತಿ."

"ಬರೆದ ಮಿಷನ್ ಶುರು ಆಗ್ತೈತೇನು?"

"ಗೊತ್ತಿಲ್ಲ."

ಹಿಂದಿನ ಸೀಟಿನಲ್ಲಿ ಹೆಂಡತಿ ಕೇಳಿಸಿಕೊಂಡಳು. ಹುಡುಗಿ ಅವಳ ತೊಡೆಯ ಮೇಲೆ ನಿದ್ದೆ ಹೋಗಿದ್ದಳು, ಇವಳ ಕೈ ಆ ತಲೆಯ ಮೇಲೆ ಮುಚ್ಚಳದ ಹಾಗೆ ಕೂತಿತ್ತು.

ಮರುದಿನ ಬೆಳಿಗ್ಗೆ ಮಗ ಸೀರೆ ಸರಿಸಿ ಕಂಪ್ಯೂಟರಿನ ಧೂಳು ಊದಿದ. ಹಿಂದೆ ಜೇಡ ಮನೆ ಮಾಡಿತ್ತು. ಸ್ವಿಚ್ ಒತ್ತಿದರೆ ಶುರುವಾಗಲಿಲ್ಲ. ಡಬ್ಬ ಬಿಚ್ಚಿ ಏನೇನೋ ಒತ್ತಿ ಕೂರಿಸಿದ. ಆಮೇಲೆ ಒಳಗಿನ ಫ್ಯಾನು ಕೆಮ್ಮುವವರ ಹಾಗೆ ಸದ್ದು ಮಾಡುತ್ತಾ ತಿರುಗಿತು. ಸಿಡಿಯ ಮೇಲೆ ವಿಭೂತಿ ಗಟ್ಟಿಯಾಗಿ ಕೂತಿತ್ತು, ಹೊಳೆಯುವ ಕಡೆಗೂ ಬೆರಳಿನ ಗುರುತು. ನನ್ನ ಹಳೆಯ ಧೋತರದ ಚೂರು ತೆಗೆದುಕೊಂಡು ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ, ಮೆಲ್ಲಗೆ ಒರೆಸಿದ. ಗುಂಡಗೆ ತಿರುಗಿಸಿ ಒರೆಸಬಾರದಂತೆ.

ಸಿಡಿ ತೆರೆಯಿತು. ಪರದೆಯ ಮೇಲೆ ಹುಡುಗಿಯ ತಲೆ ಕೊಯ್ದಿಟ್ಟ ಹೂಕೋಸಿನ ಹಾಗೆ ಒಂದರ ಹಿಂದೆ ಒಂದು ಬಂತು. ಅವಳೇ ಬಂದು ಅಪ್ಪನ ಹೆಗಲ ಮೇಲೆ ಗದ್ದ ಇಟ್ಟಳು.

"ಅಪ್ಪ, ಇದರಾಗ ಲೆಕ್ಕ ಎಲ್ಲೈತಿ?"

"ಹುಡುಕಾಕತ್ತೀನವ್ವ, ಇನ್ನೂ ಸಿಕ್ಕಿಲ್ಲ."

ಅವಳು ನಕ್ಕಳು. ಸೊಸೆ ಒಳಗೆ ಹೋಗಿ ಸುಮ್ಮನೆ ಪಾತ್ರೆ ತೊಳೆಯತೊಡಗಿದಳು, ತೊಳೆದಿಟ್ಟ ಪಾತ್ರೆಗಳನ್ನೇ.

ಮೊದಲು ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ನೋಡಿದ. ಅರ್ಧಕ್ಕೆ ಎಲ್ಲ ಸ್ತಬ್ಧವಾಗಿ ನಿಂತುಬಿಟ್ಟಿತು. ಆಫ್ ಮಾಡಿ ಮತ್ತೆ ಹಚ್ಚಿದ.

"ಇನ್ನೊಂದು ಸಲ ಹಂಗ ಮಾಡಾಕ ಧೈರ್ಯ ಇಲ್ಲಪ್ಪ" ಅಂದ. "ಇದರ ಹಾರ್ಡ್‌ಡಿಸ್ಕ್‌ನ್ಯಾಗ ಉಸಿರಿಲ್ಲ. ಸಿಡೀನ ಕ್ಲೋಸ್ ಮಾಡೋದೊಂದ ದಾರಿ. ಆದ್ರ ಯುಪಿಎಸ್ ಸತ್ತೈತಿ. ಕ್ಲೋಸ್ ಆಗೋ ನಡುವ ಬಲ್ಬು ಒಂದು ಸಲ ಮಿಣುಕಿದ್ರೂ ಸಾಕು, ಒಳಗ ಇದ್ದದ್ದೂ ಹೋಗ್ತೈತಿ."

ನಮ್ಮ ಓಣಿಯಲ್ಲಿ ಗಿರಣಿ ಶುರುವಾದರೆ ಎಲ್ಲರ ಮನೆಯ ಬಲ್ಬೂ ಒಮ್ಮೆ ಕುಗ್ಗಿ ಏಳುತ್ತದೆ. ಹೊರಗೆ ಅಂಗಳದಲ್ಲಿ ಎರಡು ಕೆಟ್ಟ ಸಿಡಿ ಇನ್ನೂ ತೂಗುತ್ತಿದ್ದವು. ಅವುಗಳ ಬೆಳಕು ನಡುಮನೆಯ ಗೋಡೆಯ ಮೇಲೆ ಬಂದು ಹೋಗುತ್ತಿತ್ತು. ನಾನು ಹೋಗಿ ಎರಡನ್ನೂ ಕಿತ್ತು ಹೊಟ್ಟಿನ ಗುಡ್ಡೆಯೊಳಗೆ ತುರುಕಿದೆ. ಭಟ್ಟಿಯ ಜರಡಿ ಮೋಟಾರು ನಿಲ್ಲಿಸಿದೆ. ಆಮೇಲೆ ಬೆಂಕಿಯನ್ನೂ ಆರಿಸಿದೆ. ಬೆಂಕಿಗೂ ಕರೆಂಟಿಗೂ ಸಂಬಂಧ ಇಲ್ಲ, ಗೊತ್ತು. ಮನೆಯಲ್ಲಿ ಅದೊಂದು ನಡೆಯುವಾಗ ಇಲ್ಲಿ ಇನ್ನೊಂದು ಉರಿಯುವುದು ಬೇಡ ಅನ್ನಿಸಿತು. ನಂತರ ಗಿರಣಿಗೆ ಹೋದೆ.

"ಸ್ವಲ್ಪ ಹೊತ್ತು ಗಿರಣಿ ನಿಲ್ಲಿಸಪ್ಪ" ಅಂದೆ.

"ಯಾಕ ಕಾಕಾ, ನನ್ನ ಸಪ್ಪಳಕ್ಕ ನಿನ್ನ ಮಂಡಕ್ಕಿ ಅರಳವಲ್ಲವೇನು?"

"ಭಟ್ಟಿ ಆರಿಸಿ ಬಂದೀನಿ."

ಅವನು ನನ್ನ ಮುಖ ನೋಡಿದ. ಸಂತೆಯ ಹಿಂದಿನ ದಿನ ನನ್ನ ಭಟ್ಟಿ ಆರಿದ್ದನ್ನು ಅವನು ಕಂಡೇ ಇರಲಿಲ್ಲ. ವಿಷಯ ಹೇಳಿದೆ. ಸರದಿಯಲ್ಲಿ ಕೂತ ಹೆಂಗಸರಲ್ಲಿ ಒಬ್ಬಳು, "ನಂದು ಜ್ವಾಳ ಅರ್ಧ ಆಗೈತಲ್ಲೋ ಯಣ್ಣ, ಮನ್ಯಾಗ ಒಲಿ ಹಚ್ಚಿ ಬಂದೀನಿ" ಅಂದಳು.

ಪಕ್ಕದವಳು ಅವಳ ಸೆರಗು ಜಗ್ಗಿದಳು. "ನಿನ್ನ ಗಂಡ ಒಂದು ತಾಸು ಉಪಾಸ ಇದ್ರ ಏನೂ ಕರಗಂಗಿಲ್ಲ. ಆ ಹೊಟ್ಟಿ ನಾವು ನೋಡಿಲ್ಲೇನು. ಕುಂದ್ರು."

ಗಿರಣಿ ನಿಂತಿತು. ನಿಂತ ಮೇಲೆ ಓಣಿಯಲ್ಲಿ ಒಂದು ಸದ್ದಿಲ್ಲ. ಹಗಲು ಹೊತ್ತಿನಲ್ಲಿ ನಮ್ಮ ಓಣಿ ಅಷ್ಟು ಸುಮ್ಮನಾಗುವುದನ್ನು ನಾನು ಯಾರದಾದರೂ ಹೆಣ ಎತ್ತುವಾಗ ಮಾತ್ರ ಕಂಡಿದ್ದೆ. ಮನೆಗೆ ಬಂದೆ.

ಪರದೆಯ ಮೇಲೆ ಅದೇ ಡಬ್ಬಿ ಮೂಡಿತ್ತು. ಮಗ ಒತ್ತಲಿಲ್ಲ. ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತ ತಾಯಿಯ ಕಡೆ ತಿರುಗಿದ.

"ಅವ್ವ, ಕೇಳಾಕತ್ತೈತಿ."

ಅವಳು ನೆಲ ನೋಡುತ್ತಿದ್ದಳು. "ಮುಚ್ಚಿದ ಮ್ಯಾಲೆ ಈಕಿಂದು ಮತ್ತೇನಾರ ಬಂದ್ರ?"

"ಬ್ಯಾರೆ ಸಿಡಿಗೆ ಹಾಕೋಣು."

"ಬರಬಾರ್ದು ಮತ್ತ."

"ಬರಬಾರ್ದವ್ವ."

"ಹಂಗಾರ ಮುಚ್ಚು."

ಅವನು ಒತ್ತಿದ. ಮಿಷನ್ನಿನ ಮೂತಿಯ ಮೇಲಿನ ಸಣ್ಣ ದೀಪ ಮಿಣುಕತೊಡಗಿತು. ಪರದೆಯ ಮೇಲೆ ಒಂದು ಪಟ್ಟಿ ನೀಲಿ ತುಂಬಿಕೊಳ್ಳುತ್ತಾ ಹೋಗಿ ಕೊನೆಯ ಹತ್ತಿರ ನಿಂತಿತು. ನಿಂತೇ ಇತ್ತು. ಒಳಗಿನಿಂದ ಅಕ್ಕಿಯಲ್ಲಿ ಕಲ್ಲು ಸಿಕ್ಕಂತೆ ಕರ್ ಅನ್ನುವ ಸದ್ದು. ಗಿರಣಿಯವನು ಮಾತು ಕೊಟ್ಟಿದ್ದಾನೆ, ಭಟ್ಟಿ ನನ್ನ ಕೈಯಲ್ಲಿದೆ, ಲೈನಿನ ಕರೆಂಟು ಯಾರ ಕೈಯಲ್ಲಿದೆ. ಬಲ್ಬನ್ನೇ ನೋಡುತ್ತಾ ನಿಂತೆ. ಅದು ಒಮ್ಮೆ ಕೆಂಪಾದ ಹಾಗೆ ಕಂಡಿತು. ಖರೆಯೋ, ನನ್ನ ಕಣ್ಣಿನದೋ, ಇವತ್ತಿಗೂ ಹೇಳಲಾರೆ. ಸೊಸೆ ಒದ್ದೆ ಕೈಯಲ್ಲೇ ಬಂದು ಮಗಳನ್ನು ಹಿಂದಿನಿಂದ ಅಪ್ಪಿ ನಿಂತಿದ್ದಳು.

ಸದ್ದು ನಿಂತಿತು. ದೀಪ ಆರಿತು. ಸಿಡಿಯ ಬಾಯಿ ತಾನಾಗಿ ಹೊರಗೆ ಬಂತು.

ಮುಟ್ಟಿ ನೋಡಿದೆ. ಒಲೆಯಿಂದ ಇಳಿಸಿ ಸ್ವಲ್ಪ ಹೊತ್ತಾದ ರೊಟ್ಟಿಯಷ್ಟು ಬೆಚ್ಚಗಿತ್ತು.

"ಆತೇನು?" ಅಂದಳು ಹೆಂಡತಿ.

"ಆಗೇತಿ ಅಂತ ಹೇಳ್ತೈತಿ. ಇದು ಮೊದಲೂ ಓದ್ತಿತ್ತವ್ವ, ಇದರ ಮಾತು ನಂಬಂಗಿಲ್ಲ. ಅಲ್ಲಿ ಓದಬೇಕು."

ಕಂಪ್ಯೂಟರ್ ಆಫ್ ಮಾಡಿದ. ಸಂಜೆ ಇನ್ನೊಮ್ಮೆ ನೋಡೋಣ ಅಂತ ಹಚ್ಚಿದರೆ ಶುರುವಾಗಲೇ ಇಲ್ಲ. ಎಷ್ಟು ಬಿಚ್ಚಿ ಕೂರಿಸಿದರೂ ಇಲ್ಲ. ಊರಲ್ಲಿ ಸಿಡಿ ಓದುವ ಇನ್ನೊಂದು ಮಿಷನ್ನಿಗಾಗಿ ನಾಲ್ಕಾರು ಅಂಗಡಿ ತಿರುಗಿದ. ಎಲ್ಲರೂ ಅವನನ್ನೇ ವಿಚಿತ್ರವಾಗಿ ನೋಡಿದರು. ಸೋಮವಾರದ ತನಕ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಹುಡುಗಿ ಮಾತ್ರ ಪುಸ್ತಕವನ್ನು ಮೂಗಿಗೆ ಹತ್ತಿರ ಹಿಡಿದು ಗಟ್ಟಿಯಾಗಿ ಓದುತ್ತಿದ್ದಳು. ಆ ಹತ್ತಿರ ಹಿಡಿಯುವುದನ್ನು ನಾವೆಲ್ಲ ದಿನಾ ನೋಡುತ್ತಿದ್ದೆವು.

ಸೋಮವಾರ ಡಾಕ್ಟರ ಕೋಣೆಯಲ್ಲಿ ಸಿಡಿ ಹಾಕಿದರು. ಮಿಷನ್ ಗುರ್ರೆಂದಿತು, ನಿಂತಿತು. ಹೆಂಡತಿ ನನ್ನ ಅಂಗಿಯ ತೋಳು ಹಿಡಿದಳು. ಮದುವೆಯಾದಾಗಿನಿಂದ ಜನರ ಮುಂದೆ ಅವಳು ಹಾಗೆ ಹಿಡಿದವಳಲ್ಲ. ಮತ್ತೆ ಗುರ್ರೆಂದಿತು.

ಹೂಕೋಸು ಬಂತು.

ಡಾಕ್ಟರು ಹಳೆಯದನ್ನು ಎಡಕ್ಕೆ, ಹೊಸದನ್ನು ಬಲಕ್ಕೆ ಇಟ್ಟರು. ಎರಡೂ ಚುಕ್ಕೆಗಳ ಮೇಲೆ ಗೆರೆ ಎಳೆದು ಅಳೆದರು. ಮತ್ತೊಮ್ಮೆ ಅಳೆದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಂದು ಕೂದಲಿನಷ್ಟೂ ಬೆಳೆದಿಲ್ಲ. ಹುಟ್ಟಿನಿಂದ ಬಂದ ಗುರುತು ಇದು, ಮೈಮೇಲೆ ಮಚ್ಚೆ ಇರುತ್ತಲ್ಲ, ಹಾಗೆ. ಇದಕ್ಕೆ ಏನೂ ಮಾಡಬೇಕಾಗಿಲ್ಲ."

"ಮತ್ತ ತಲಿನೋವು?" ಅಂದಳು ಸೊಸೆ.

ಡಾಕ್ಟರು ಹುಡುಗಿಗೆ ಗೋಡೆಯ ಮೇಲಿನ ಕ್ಯಾಲೆಂಡರ್ ಓದಲು ಹೇಳಿದರು. "ಯಾವ ಕ್ಯಾಲೆಂಡರ್ ಸರ್?" ಅಂದಳು ಅವಳು.

"ಕಣ್ಣಿನ ಡಾಕ್ಟರ ಹತ್ತಿರ ಹೋಗಿ" ಅಂದರು. ಸಿಡಿ ಹೊರತೆಗೆದು ಬೆಳಕಿಗೆ ಹಿಡಿದು ನೋಡಿದರು. ಮೇಲುಭಾಗದಲ್ಲಿ ಬಿಳಿಯ ಗೆರೆಗಳು ಪೂರ್ತಿ ಹೋಗಿರಲಿಲ್ಲ. "ಇದಕ್ಕೆ ಏನು ಹಚ್ಚಿದ್ದೀರಮ್ಮ?"

"ವಿಭೂತಿ ರೀ."

"ಹುಡುಗಿಗೆ ಹಚ್ಚಿ. ಸಿಡಿಗೆ ಬೇಡ."

ಇಷ್ಟು ಕೇಳಿಕೊಂಡು ನಾನು ಹೊರಗೆ ಬಂದು ಆಸ್ಪತ್ರೆಯ ಕಾವಲುಗಾರನಿಗೆ ಮೊದಲು ಹೇಳಿದೆ. ಅವನಿಗೆ ನಾನು ಯಾರೆಂದೂ ಗೊತ್ತಿರಲಿಲ್ಲ. ಒಳ್ಳೇದಾತು ಬಿಡಿ ಯಜಮಾನ್ರೆ ಅಂದ. ಅಲ್ಲಿಂದ ಶುರುವಾದದ್ದು ಇನ್ನೂ ನಿಂತಿಲ್ಲ.

ಸಂಜೆ ಭಟ್ಟಿ ಹಚ್ಚಿ ಒಂದು ಚೀಲ ಮಂಡಕ್ಕಿ ಹುರಿದು, ಅವತ್ತು ಸರದಿಯಲ್ಲಿ ಸುಮ್ಮನೆ ಕೂತ ಹೆಂಗಸರ ಮನೆಗಳಿಗೆಲ್ಲ ಕೊಟ್ಟು ಬಂದೆ. ಹೊಳಲಿಗೆ ಮದುವೆ ಮಾಡಿಕೊಟ್ಟ ನನ್ನ ಮಗಳು ಬಸ್ಸಿಗೆ ಹೊರಟಿದ್ದಾಳೆ ಅಂತ ಫೋನು ಬಂತು. ಅವಳು ಬರುವ ತನಕ ರೊಟ್ಟಿ ಬುಟ್ಟಿಯ ಅಂಚು ತೆರೆದೇ ಇತ್ತು. ಬಂದವಳು ಚಪ್ಪಲಿ ಬಿಟ್ಟವಳೇ ಹುಡುಗಿಯ ತಲೆ ಹಿಡಿದು ಅಲುಗಾಡಿಸಿ, "ಏನೂ ಇಲ್ವಂತಲ್ಲೇ ಇದರಾಗ, ಖಾಲಿ ಡಬ್ಬಿ" ಅಂದಳು. ಅಂದು ಅತ್ತಳು.

ನಡುಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತೆವು. ಬಡಿಸುವ ಸೊಸೆಯನ್ನೂ ಹೆಂಡತಿ ಕೈ ಹಿಡಿದು ಕೂರಿಸಿದಳು. ಎಣ್ಣೆಗಾಯಿ ಬದನೆ, ಶೇಂಗಾ ಚಟ್ನಿ, ಮೊಸರು, ಮತ್ತೆ ಎರಡು ವರ್ಷದ ಮೇಲೆ ನಮ್ಮ ಮನೆಯಲ್ಲಿ ಕಡಲೆಕಾಳಿನ ಪಲ್ಯ. ನಾನು ಎರಡು ಸಲ ಹಾಕಿಸಿಕೊಂಡೆ.

"ಅಜ್ಜ, ಇನ್ನ ಆ ಸಿಡಿ ಏನ್ ಮಾಡ್ತಿ? ಗುಬ್ಬಿ ಓಡ್ಸಾಕ ಅಂಗಳದಾಗ ಕಟ್ಟೋಣೇನು?" ಅಂದಳು ಮೊಮ್ಮಗಳು.

"ಮುಟ್ಟಿ ನೋಡು, ಕೈ ಮುರೀತೀನಿ" ಅಂದಳು ಅವಳ ಅಜ್ಜಿ. ಎಲ್ಲರ ತಟ್ಟೆಯನ್ನೂ ಒಂದು ಸಲ ನೋಡಿ ಬುಟ್ಟಿಯ ಬಟ್ಟೆಗೆ ಕೈ ಹಾಕಿದಳು. "ಯಾರಿಗಾರ ಏನಾರ ಬೇಕೇನು? ಮುಚ್ಚತೀನಿ."

"ಇರು ಅಜ್ಜಿ, ನನಗ ಇನ್ನರ್ಧ."

ಹೆಂಡತಿ ಬಟ್ಟೆ ಬಿಟ್ಟು ಒಂದು ಇಡೀ ರೊಟ್ಟಿ ತೆಗೆದು ಮೊಮ್ಮಗಳ ತಟ್ಟೆಗೆ ಹಾಕಿದಳು. ಗಿರಣಿ ಶುರುವಾಯಿತೇನೋ, ಬಲ್ಬು ಒಮ್ಮೆ ಕುಗ್ಗಿ ಎದ್ದಿತು. ಯಾರೂ ತಲೆ ಎತ್ತಲಿಲ್ಲ, ಉಣ್ಣುತ್ತಿದ್ದೆವು.